ಜರ್ಮನ್ ಮೇಡಮ್ಮಾರ ಕೆಂಪು ಕೀಲಿ

ನಮ್ಮ ಕಾರ್ಖಾನೆಯ ಜನರಲ್ ಮ್ಯಾನೇಜರ್ ಆಮ್ರಪಾಲಿ ಉದ್ದಪ್ಪ ಮೇತ್ರಿ ಅವರನ್ನು ಗೋಕಾಕದಿಂದ ಹುಕ್ಕೇರಿಯವರೆಗೆ ಎಲ್ಲರೂ ‘ಜರ್ಮನ್ ಮೇಡಮ್ಮಾರು’ ಎಂದೇ ಕರೆಯುತ್ತಾರೆ. ಹೊಸಬರು ಗೇಟಿಗೆ ಬಂದು ಬಿಳಿ ಮುಖದ, ಕಂದು ಕೂದಲಿನ ಹೆಂಗಸನ್ನು ಹುಡುಕುತ್ತಾರೆ. ಅವರಿಗೆ ಕಾಣುವುದು ಐದಡಿ ಎತ್ತರದ, ಎಣ್ಣೆ ಹಚ್ಚಿ ಜಡೆ ಹೆಣೆದ, ಕಾಲಿಗೆ ಗಂಡಸರ ಸೇಫ್ಟಿ ಬೂಟು ಹಾಕಿದ, ಬೆಳಿಗ್ಗೆ ಬೆಳಿಗ್ಗೆಯೇ ಯಾರಿಗೋ ಬೈಯುತ್ತಿರುವ ಕುಲಗೋಡದ ಹೆಣ್ಣುಮಗಳು. ಆ ‘ಯಾರಿಗೋ’ ಎಂದರೆ ಹೆಚ್ಚಿನ ದಿನ ನಾನೇ.

ನಾನು ಸಿದ್ರಾಯ, ಮಸಗುಪ್ಪಿಯವನು. ಹುಕ್ಕೇರಿ ರಸ್ತೆಯ ಮರಡಿ ಶುಗರ್ಸ್‌ನ ಪವರ್ ಹೌಸಿನಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ಇಡೀ ಕಾರ್ಖಾನೆಗೆ ಕರೆಂಟು ಹಂಚುವ ಪ್ಯಾನಲ್ ರೂಮು ನನ್ನ ಸುಪರ್ದಿಯಲ್ಲಿದೆ. ಮೇಡಮ್ಮಾರ ಬಗ್ಗೆ ಬರೆಯಲು ನನಗಿಂತ ಓದಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರ ಕೈಯಲ್ಲಿ ನನ್ನಷ್ಟು ಬೈಸಿಕೊಂಡವನು ಇನ್ನೊಬ್ಬನಿಲ್ಲ. ಆ ಹಕ್ಕಿನಿಂದ ಬರೆಯುತ್ತಿದ್ದೇನೆ, ಯಾರಾದರೂ ಬೇಡ ಅನ್ನಲಿ ನೋಡೋಣ.

ಮೇಡಮ್ಮಾರ ತಂದೆ ಉದ್ದಪ್ಪ ಕಾಕಾ ಕುಲಗೋಡದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು. ಸಾಲಿ ಕಲಿತದ್ದು ನಾಲ್ಕನೇ ಇಯತ್ತೆ. ಮೋಟಾರಿಗೆ ಕಿವಿ ಹಚ್ಚಿ ಇದರ ಬೇರಿಂಗ್ ಹೋಗಿದೆ, ಇದರ ವೈಂಡಿಂಗ್ ಸುಟ್ಟಿದೆ ಎಂದು ಹೇಳುವುದನ್ನು ಯಾರಿಂದ ಕಲಿತರೋ ಗೊತ್ತಿಲ್ಲ. ತಾಯಿ ಗುಡ್ಡವ್ವ ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ಆಗ ಹೊಲಗಳಿಗೆ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ದಿನಕ್ಕೆ ಮೂರು ತಾಸು, ಅದೂ ತನ್ನ ಮನಸ್ಸಿಗೆ ಬಂದಾಗ. ಅಷ್ಟರೊಳಗೆ ನೀರು ಹಾಯಿಸಿಕೊಳ್ಳಬೇಕೆಂದು ಎಲ್ಲರಿಗೂ ಗಡಿಬಿಡಿ. ಆ ಗಡಿಬಿಡಿಯಲ್ಲಿ ಒಬ್ಬನು ಬಾವಿಯೊಳಗೆ ಮೋಟಾರು ಬಿಚ್ಚುತ್ತಿರುವಾಗ ಮೇಲೆ ಇನ್ನೊಬ್ಬನು ಸ್ಟಾರ್ಟರ್ ಒತ್ತುವುದು ಹೊಸ ಸುದ್ದಿಯೇನಲ್ಲ.

ಅದಕ್ಕೆ ಉದ್ದಪ್ಪ ಕಾಕಾ ಒಂದು ಪದ್ಧತಿ ಮಾಡಿಕೊಂಡಿದ್ದರು. ಬಾವಿಗಿಳಿಯುವ ಮುಂಚೆ ಸ್ಟಾರ್ಟರ್ ಪೆಟ್ಟಿಗೆಯಿಂದ ಬಿಳಿ ಚೀನೀ ಮಣ್ಣಿನ ಮೂರೂ ಫ್ಯೂಜು ಕೀಳುತ್ತಿದ್ದರು. ಅವನ್ನು ಬೇವಿನ ಗಿಡದ ಕೆಳಗೆ ಕೂತ ಮಗಳ ಉಡಿಯಲ್ಲಿ ಹಾಕಿ, “ನಾ ಬಂದ್ ಕೈ ಚಾಚೂತನಕಾ ಯಾರಿಗೂ ಕೊಡಬ್ಯಾಡ ಅವ್ವೀ” ಎಂದು ಹೇಳಿ ಇಳಿಯುತ್ತಿದ್ದರು. ಉಳಿದ ಮಕ್ಕಳು ಗಿಡ ಹತ್ತಿ ಮಂಗ್ಯಾನಾಟ ಆಡುತ್ತಿದ್ದರೆ ಈ ಹುಡುಗಿ ಉಡಿ ಕಟ್ಟಿಕೊಂಡು ಕಲ್ಲಿನಂತೆ ಕೂತಿರುತ್ತಿತ್ತು.

ಒಮ್ಮೆ, ಹುಡುಗಿಗೆ ಒಂಬತ್ತು ವರ್ಷ, ಹೊಲದ ಮಾಲೀಕರಾದ ಶಿದ್ಲಿಂಗಪ್ಪ ಗೌಡರೇ ಬಂದು ಕೈ ಚಾಚಿದರಂತೆ. ಕರೆಂಟು ಬಂದಿದೆ, ಕಬ್ಬು ಒಣಗುತ್ತಿದೆ, ಕೊಡು ಎಂದು ಗದರಿಸಿದರಂತೆ. ಹುಡುಗಿ ಕೊಡಲಿಲ್ಲ. ಈ ಕತೆಯನ್ನು ಉದ್ದಪ್ಪ ಕಾಕಾ ನನಗೆ ಕಡಿಮೆ ಎಂದರೂ ಹತ್ತು ಸಲ ಹೇಳಿದ್ದಾರೆ. ಕಾರ್ಖಾನೆಗೆ ಬಂದಾಗಲೆಲ್ಲ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ, ಬಲಗೈ ಮೇಲೆತ್ತಿ, “ಗೌಡ್ರು ಅಂದ್ರೂ ಕೊಡಲಿಲ್ಲ ನೋಡ್ರಿ ನನ್ನ ಮಗಳು!” ಎನ್ನುತ್ತಾರೆ. ಆ ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ದನಕ್ಕೆ ಹಾಕುವ ಕಣಿಕಿ ಕತ್ತರಿಸುವ ಯಂತ್ರ ತಿಂದಿತಂತೆ. ಕತೆ ಹೇಳುವಾಗ ಮೇಡಮ್ಮಾರು ಅಲ್ಲಿದ್ದರೆ ಎದ್ದು ಹೋಗಿಬಿಡುತ್ತಾರೆ. ನಾಚಿಕೆ ಇರಬೇಕು ಎಂದುಕೊಂಡಿದ್ದೆ.

ಹುಡುಗಿ ಕುಲಗೋಡದ ಸಾಲಿ ಮುಗಿಸಿ, ದಿನಾ ಬಸ್ಸಿನಲ್ಲಿ ಜೋತಾಡುತ್ತ ಗೋಕಾಕಕ್ಕೆ ಹೋಗಿ ಡಿಪ್ಲೊಮಾ ಮಾಡಿತು, ಆಮೇಲೆ ಬೆಳಗಾವಿಯಲ್ಲಿ ಬಿ.ಇ. ಎರಡರಲ್ಲೂ ವಿಷಯ ಎಲೆಕ್ಟ್ರಿಕಲ್ಲೇ. ಕ್ಲಾಸಿನಲ್ಲಿ ಒಬ್ಬಳೇ ಹುಡುಗಿ. ಇಪ್ಪತ್ತಮೂರನೇ ವಯಸ್ಸಿಗೆ ನಮ್ಮ ಪವರ್ ಹೌಸಿಗೆ ಟ್ರೇನಿಯಾಗಿ ಬಂದರು.

ಬಂದ ದಿನ ನಾವು ಏನು ಮಾಡಿದೆವು ಎಂದು ಬರೆಯದಿದ್ದರೆ ಈ ಬರಹಕ್ಕೆ ಬೆಲೆಯಿಲ್ಲ. “ಕುಲಗೋಡದಾಗ ಯಾರ ಪೈಕಿ?” ಎಂದು ಕೇಳಿದೆವು. ಅವರು ತಲೆಯೆತ್ತಿ ಹೇಳಿದರು. ಮರುದಿನ ಪ್ಯಾನಲ್ ರೂಮಿನ ನೀರಿನ ಕೊಡದ ಬಾಜೂಕ್ಕೆ ಯಾರೋ ಒಂದು ಬೇರೆ ಲೋಟ ಇಟ್ಟರು. ಇಟ್ಟವನು ನಾನಲ್ಲ. ತೆಗೆದವನೂ ನಾನಲ್ಲ. ಈ ಎರಡನೆಯ ಮಾತು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಮೇಡಮ್ಮಾರು ಆ ಲೋಟವನ್ನು ತಿರುಗಿಸಿ ಮುರುಗಿಸಿ ನೋಡಿ, “ಛಲೋ ಐತ್ರಿ, ಬ್ಯಾಟರಿಗೆ ನೀರು ಹಾಕಾಕ ಒಂದು ಬೇಕಾಗಿತ್ತು” ಎಂದು ಅದನ್ನು ಬ್ಯಾಟರಿ ಸಾಲಿನ ಕಡೆಗೆ ಒಯ್ದರು. ತಿರುಗಿ ಬಂದು ನಮ್ಮ ಲೋಟದಲ್ಲೇ ನೀರು ತುಂಬಿಕೊಂಡು ಗಟಗಟ ಕುಡಿದು, ನನ್ನ ಕೈಗೇ ಕೊಟ್ಟರು. ನಾನೂ ಕುಡಿದೆ. ಬಾಯಾರಿತ್ತು ಎಂದು ಉಳಿದವರಿಗೆ ಹೇಳಿದೆ. ಒಂದು ವಾರದಲ್ಲಿ ಎಲ್ಲರಿಗೂ ಬಾಯಾರಿತು.

ಆಮೇಲೆ ಕಾರ್ಖಾನೆಗೆ ಹೊಸ ಟರ್ಬೈನು, ಜನರೇಟರು ಜರ್ಮನಿಯಿಂದ ಬಂದವು. ಕಲಿತು ಬರಲು ಒಬ್ಬರನ್ನು ಮೂರು ತಿಂಗಳು ಅಲ್ಲಿಗೆ ಕಳಿಸಬೇಕಿತ್ತು. ಸೀನಿಯರುಗಳೆಲ್ಲ ಹೊಸ ಸೂಟು ಹೊಲಿಸಿದರು. ಪರೀಕ್ಷೆ ಇಟ್ಟಾಗ ಮೇಡಮ್ಮಾರು ಪಾಸಾದರು. ಸೂಟುಗಳು ಮದುವೆಗಳಲ್ಲಿ ಉಪಯೋಗಕ್ಕೆ ಬಂದವು.

ಗುಡ್ಡವ್ವ ಮಗಳ ಜೊತೆಗೆ ಕಟಕ ರೊಟ್ಟಿ, ಅಗಸಿ ಹಿಂಡಿ, ಒಂದು ಡಬ್ಬಿ ಕೆಂಪು ಚಟ್ನಿ ಕಟ್ಟಿ ಕಳಿಸಿದರು. ಅಲ್ಲಿನ ಕಾರ್ಖಾನೆಯಲ್ಲಿ ಡೀಟರ್ ಎಂಬ ಮುದಿ ಫೋರ್‌ಮನ್ ಇದ್ದನಂತೆ. ಮೊದಲ ದಿನವೇ ಮೇಡಮ್ಮಾರ ಕೈಗೆ ಒಂದು ಕೆಂಪು ಕೀಲಿ, ಅಂದರೆ ಬೀಗ, ಅದರ ಒಂದು ಚಾವಿ ಕೊಟ್ಟು, ಯಂತ್ರದೊಳಗೆ ಹೋಗುವ ಮುಂಚೆ ಅದರ ಸ್ವಿಚ್ಚಿಗೆ ನಿನ್ನ ಕೀಲಿ ಹಾಕು, ಚಾವಿ ನಿನ್ನ ಕಿಸೆಯಲ್ಲೇ ಇರಲಿ, ಬೇರೆ ಯಾರಿಗೂ ತೆಗೆಯಲು ಬರಬಾರದು ಎಂದು ತಿಳಿಸಿ ಹೇಳಿದನಂತೆ. ಮೇಡಮ್ಮಾರಿಗೆ ನಗು ತಡೆಯಲಾಗಲಿಲ್ಲ. ಇದನ್ನು ಕಲಿಯಲು ಎರಡು ವಿಮಾನ ಬದಲಿಸಿ ಬರಬೇಕಾಗಿತ್ತೇ ಎಂದು! ಅವರು ಉಡಿಯಲ್ಲಿನ ಫ್ಯೂಜಿನ ಸಂಗತಿ ಹೇಳಿದ್ದೇ ತಡ, ಡೀಟರ್ ತನ್ನ ಜನರನ್ನೆಲ್ಲ ಕರೆದು ಇನ್ನೊಮ್ಮೆ ಹೇಳಿಸಿದ. ಉದ್ದಪ್ಪನಿಗೆ ಎಂದು ಒಂದು ಸ್ಪ್ಯಾನರ್ ಸೆಟ್ ಕೊಟ್ಟು ಕಳಿಸಿದ. ಕಾಕಾ ಅದನ್ನು ಇವತ್ತಿಗೂ ಬಳಸಿಲ್ಲ, ಟೀವಿಯ ಮೇಲೆ ಇಟ್ಟಿದ್ದಾರೆ.

ತಿರುಗಿ ಬಂದ ಮೇಲೆ ನಮಗೆ ಶನಿ ಹಿಡಿಯಿತು. ಅರವತ್ತನಾಲ್ಕು ಕೆಂಪು ಕೀಲಿ ಬಂದವು. ಒಬ್ಬೊಬ್ಬರಿಗೆ ಒಂದೊಂದು, ಮೇಲೆ ಅವರವರ ಹೆಸರು, ಒಂದಕ್ಕೆ ಒಂದೇ ಚಾವಿ. ಒಳಗೆ ಹೋಗುವವನು ತನ್ನ ಕೀಲಿಯನ್ನು ತಾನೇ ಹಾಕಬೇಕು, ಹೊರಗೆ ಬಂದು ತಾನೇ ತೆಗೆಯಬೇಕು. ಚಾವಿ ಕಳೆದರೆ, ಕೀಲಿಯ ಮಾಲೀಕನು ಎದುರಿಗೆ ಬಂದು ನಿಂತ ಮೇಲೆ ಮಾತ್ರ ಕೀಲಿ ಕತ್ತರಿಸಬೇಕು. ಐದು ನಿಮಿಷದ ಕೆಲಸಕ್ಕೆ ಹತ್ತು ನಿಮಿಷದ ಕೀಲಿ ಎಂದು ನಾವು ಗೊಣಗಿದೆವು. ‘ಜರ್ಮನ್ ಮೇಡಮ್ಮಾರು’ ಎಂಬ ಹೆಸರು ಹುಟ್ಟಿದ್ದೂ ಆಗಲೇ, ಇಟ್ಟವನು ನಾನು. ಪ್ರೀತಿಯಿಂದ ಇಡಲಿಲ್ಲ.

ಕಬ್ಬು ನುರಿಸುವ ಮೂರು ಹಂಗಾಮು ಕಳೆಯುವಷ್ಟರಲ್ಲಿ ನಾವೂ ಬದಲಾದೆವು. ಯಾರ ಕೈಯೂ ಹೋಗಲಿಲ್ಲ, ಯಾರ ಕಾಲೂ ಹೋಗಲಿಲ್ಲ. ಕೀಲಿಯನ್ನು ಜನ ಸೊಂಟಕ್ಕೆ ಕಟ್ಟಿಕೊಂಡು ಸಂತೆಗೂ ಹೋಗತೊಡಗಿದರು. ಮೇಡಮ್ಮಾರು ಅಸಿಸ್ಟೆಂಟ್ ಇಂಜಿನಿಯರ್ ಆದರು, ಪವರ್ ಹೌಸಿನ ಮುಖ್ಯಸ್ಥರಾದರು, ಡೆಪ್ಯುಟಿ ಮ್ಯಾನೇಜರ್ ಆದರು. ಹಳೆಯ ಜನರಲ್ ಮ್ಯಾನೇಜರ್ ನಿವೃತ್ತರಾದ ವರ್ಷ, ದಸರೆಯ ಹೊತ್ತಿಗೆ ಹಂಗಾಮು ಶುರು ಮಾಡುವ ಸಮಾರಂಭದಲ್ಲೇ ಹೊಸ ಜನರಲ್ ಮ್ಯಾನೇಜರ್ ಹೆಸರು ಘೋಷಿಸುವುದಾಗಿ ಚೇರ್ಮನ್ ರಾವಸಾಹೇಬರು ಹೇಳಿದರು. ಹೆಸರು ಯಾರದು ಎಂದು ಎಲ್ಲರಿಗೂ ಗೊತ್ತಿತ್ತು. ಕುಲಗೋಡಕ್ಕೆ ಕಾರು ಹೋಗಿ ಉದ್ದಪ್ಪ ಕಾಕಾನನ್ನೂ ಗುಡ್ಡವ್ವನನ್ನೂ ಕರೆತಂದು ಮೊದಲ ಸಾಲಿನಲ್ಲಿ ಕೂರಿಸಲಾಗಿತ್ತು. ಕಾಕಾ ಕೇಸರಿ ಪಟಗಾ ಸುತ್ತಿದ್ದರು. ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆ ದಿನ ಖಂಡೆ ಪೂಜೆ. ನಮ್ಮ ಕಡೆ ಗೊತ್ತಲ್ಲ, ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡು ಹೂ ಇಟ್ಟು ಪೂಜೆ ಮಾಡುತ್ತೇವೆ. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟುವಂತಿಲ್ಲ. ಪ್ಯಾನಲ್ ರೂಮಿನಲ್ಲಿ ಬೆಳಿಗ್ಗೆ ಆರಕ್ಕೇ ಪೂಜೆಯ ಹಲಗೆ ಹಾಕಿದವನು ನಾನು. ಸ್ಪ್ಯಾನರ್, ಇಕ್ಕಳ, ಟೆಸ್ಟರ್, ಮೀಟರ್ ಇಟ್ಟೆ. ಆಗ ತಲೆಗೊಂದು ಹೊಳೆಯಿತು. ನಮ್ಮನ್ನು ಇಷ್ಟು ವರ್ಷ ಕಾಯ್ದದ್ದು ಕೆಂಪು ಕೀಲಿಗಳಲ್ಲವೇ? ಅವಕ್ಕೂ ಪೂಜೆಯಾಗಲಿ! ಎಲ್ಲರ ಕಡೆಯಿಂದ ಇಸಿದುಕೊಂಡು ಸಾಲಾಗಿ ಇಟ್ಟು ಒಂದೊಂದಕ್ಕೂ ಮೂರು ಗೆರೆ ವಿಭೂತಿ ಎಳೆದೆ. ಅರವತ್ತಮೂರು ಕೀಲಿ. ನನ್ನದೊಂದು ಮಾತ್ರ, ಪ್ಯಾನಲಿನ ಬಲ್ಬು ಬದಲಿಸುವುದಿತ್ತು ಎಂದು ಕಿಸೆಯಲ್ಲೇ ಉಳಿಯಿತು. ಫೋಟೋ ತೆಗೆದು ವಾಟ್ಸಾಪಿಗೂ ಹಾಕಿದೆ. ನಲವತ್ತು ಜನ ಕೈ ಮುಗಿದರು.

ಮೊದಲ ಕಬ್ಬು ಹಾಕುವ ಮುಹೂರ್ತ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ. ಮಠದ ಅಜ್ಜಾರು ಕಬ್ಬು ಹಾಕುವುದು, ರಾವಸಾಹೇಬರು ವೇದಿಕೆಯ ಮೇಲಿನ ಬಟನ್ ಒತ್ತುವುದು, ಕಬ್ಬು ಸರಪಳಿಯ ಮೇಲೆ ಸಾಗಿ ಕತ್ತಿಗಳ ಕೋಣೆಗೆ ಹೋಗಿ ಪುಡಿಯಾಗುವುದು. ಆ ಕೋಣೆ ನೋಡಿದವರಿಗೆ ಗೊತ್ತು. ಒಂದು ದಪ್ಪ ದಿಂಡಿನ ಸುತ್ತ ನಲವತ್ತೆಂಟು ಕತ್ತಿ, ಒಂದೊಂದೂ ನನ್ನ ಮೊಣಕೈಯುದ್ದ.

ಹತ್ತೂವರೆಗೆ ಲಕ್ಷ್ಮಣ ಓಡುತ್ತ ಬಂದ. ಲಕ್ಷ್ಮಣ ಎಂದರೆ ನನ್ನ ತಂಗಿ ದಾಕ್ಷಾಯಿಣಿಯ ಗಂಡ, ಕಾರ್ಖಾನೆಯಲ್ಲಿ ಫಿಟರ್. ಮೈಯಲ್ಲಿ ಆಲಸ್ಯವೆಂಬುದೇ ಇಲ್ಲ, ಅದೇ ಅವನ ದೊಡ್ಡ ತೊಂದರೆ.

“ಅಣ್ಣಾ, ಕತ್ತಿಯೊಂದರ ಬೋಲ್ಟ್ ಸಡಲ ಆಗೈತಿ. ಬಿಗಿ ಮಾಡಿ ಬರ್ತೀನಿ. ನನ್ನ ಕೀಲಿ ಕೊಡು.”

“ಪೂಜಿಗೆ ಇಟ್ಟದ್ದನ್ನ ಮುಟ್ಟತಿಯೇನೋ? ನಾಳೆ ತನಕಾ ಎತ್ತಂಗಿಲ್ಲ.”

“ಮತ್ತ ಹೆಂಗ ಹೋಗಲಿ? ಮೇಡಮ್ಮಾರು ನನ್ನ ಚರ್ಮ ಸುಲೀತಾರ.”

ನಾನು ಕಿಸೆಯಿಂದ ನನ್ನ ಕೀಲಿ, ಚಾವಿ ಎರಡೂ ತೆಗೆದು ಅವನ ಕೈಗೆ ಹಾಕಿದೆ. “ನಂದು ಹಾಕ್ಕೊಂಡು ಹೋಗು. ಲಗು ಬಾ.”

ಅವನು ಕತ್ತಿಗಳ ಸ್ವಿಚ್ಚಿಗೆ ನನ್ನ ಕೀಲಿ ಹಾಕಿ ಹೋದ. ಅಷ್ಟರಲ್ಲಿ ನನ್ನನ್ನು ಪೆಂಡಾಲಿಗೆ ಕರೆದರು. ಮೈಕು ಕುಂಯ್ ಎನ್ನುತ್ತಿದೆ ನೋಡು ಎಂದರು, ಅಜ್ಜಾರಿಗೆ ಫ್ಯಾನ್ ಹಚ್ಚು ಎಂದರು, ಬ್ಯಾಂಡಿನವರಿಗೆ ಚಹಾ ಕೊಡಿಸು ಎಂದರು. ನನ್ನ ಮಂಡೆಯಿಂದ ಲಕ್ಷ್ಮಣ, ಕೀಲಿ ಎಲ್ಲ ಪೂರ್ತಿ ಅಳಿಸಿಹೋಯಿತು. ಆಣೆ ಮಾಡಿ ಹೇಳುತ್ತೇನೆ, ಒಂದು ಚೂರೂ ನೆನಪಿರಲಿಲ್ಲ.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಬಟನ್ ಪರೀಕ್ಷೆ ಮಾಡಿದರೆ ದೀಪ ಹತ್ತಲಿಲ್ಲ. ಮೇಡಮ್ಮಾರು ಪ್ಯಾನಲ್ ರೂಮಿಗೆ ಬಂದರು, ಹಿಂದೆ ನಾನು, ನನ್ನ ಹಿಂದೆ ತಡೆಯಲಾಗದೆ ರಾವಸಾಹೇಬರೂ ಬಂದರು. ಕತ್ತಿಗಳ ಸ್ವಿಚ್ಚಿಗೆ ಕೆಂಪು ಕೀಲಿ. ಮೇಲೆ ಬಿಳಿ ಅಕ್ಷರದಲ್ಲಿ ‘ಸಿದ್ರಾಯ’.

ರಾವಸಾಹೇಬರು ನಕ್ಕುಬಿಟ್ಟರು. “ಏ ಸಿದ್ರಾಯಾ, ಕಳ್ಳ ಇಲ್ಲೇ ಅದಾನಲ್ಲೋ! ತೆಗಿ ತೆಗಿ, ಏಳ ನಿಮಿಷ ಉಳದೈತಿ.”

ನನಗೆ ಅವಮಾನದಿಂದ ಬೆವರು ಕಿತ್ತಿತು. ಬೆಳಿಗ್ಗೆ ಇದೇ ಪ್ಯಾನಲಿಗೆ ಬಲ್ಬು ಹಾಕಿದವನು ಕೀಲಿ ತೆಗೆಯುವುದನ್ನೇ ಮರೆತಿದ್ದೇನೆ ಎಂದುಕೊಂಡೆ. “ನಂದೇ ತಪ್ಪರಿ ಸಾಹೇಬ್ರ, ಮುಂಜಾನಿ ಹಾಕಿದ್ದು ಹಂಗ ಬಿಟ್ಟೀನಿ” ಎಂದು ಕಿಸೆಗೆ ಕೈ ಹಾಕಿದೆ. ಕೈವಸ್ತ್ರ ಇತ್ತು, ಎಲೆ ಅಡಿಕೆ ಚೀಲ ಇತ್ತು. ಚಾವಿ ಇರಲಿಲ್ಲ.

“ಚಾವಿ ಎಲ್ಲೈತ್ರಿ?” ಮೇಡಮ್ಮಾರು ಕೇಳಿದರು.

“ಎಲ್ಲೋ ಬಿದ್ದೈತ್ರಿ ಗಡಿಬಿಡಿಯಾಗ.”

“ಎಲ್ಲೋ ಅಂದ್ರ ಎಲ್ಲಿ?”

“ಅದು ಗೊತ್ತಿದ್ರ ಕಳದೈತಿ ಅಂತ ಯಾಕ ಹೇಳ್ತಿದ್ನಿ?” ನನಗೆ ಸಿಟ್ಟು ಬಂತು. ಚೇರ್ಮನ್ ಎದುರಿಗೆ ಹೀಗೆ ನಿಲ್ಲಿಸಿ ಪಂಚನಾಮೆ ಮಾಡುತ್ತಾರಲ್ಲ! “ಮೇಡಮ್ಮಾರ, ಕೀಲಿ ನಂದು. ನಾ ನಿಮ್ಮೆದುರಿಗೇ ನಿಂತೀನಿ. ನಾ ಏನು ದೆವ್ವ ಅದೀನೇನ್ರಿ? ನಿಮ್ಮ ನಿಯಮದಾಗೇ ಐತಿ, ಮಾಲಕ ಎದುರಿಗೆ ಇದ್ರ ಕತ್ತರಸಬಹುದು ಅಂತ.”

“ಹೌದಲ್ಲವಾ?” ಎಂದರು ರಾವಸಾಹೇಬರು. “ಕತ್ತರಸ್ರಿ ಮತ್ತ.”

ಕಬ್ಬಿಣ ಕತ್ತರಿಸುವ ಉದ್ದ ಹಿಡಿಕೆಯ ಕತ್ತರಿ ಗೋಡೆಗೆ ತೂಗುಹಾಕಿತ್ತು. ಇಳಿಸಿಕೊಂಡವನು ನಾನೇ. ಕೀಲಿಯ ಕೊರಳಿಗೆ ಅದರ ಬಾಯಿ ಇಟ್ಟವನೂ ನಾನೇ. ಮೇಡಮ್ಮಾರು ನನ್ನ ಎದುರು ಬಂದು ಸ್ವಿಚ್ಚಿಗೆ ಬೆನ್ನು ಹಚ್ಚಿ ನಿಂತರು. ಐದಡಿಯ ಹೆಂಗಸು, ಗೋಡೆ ಎದ್ದಂತೆ ಎದ್ದರು.

“ಚಾವಿ ಸಿಗೂತನಕಾ ಇಲ್ಲ.”

ರಾವಸಾಹೇಬರ ನಗು ಹೋಯಿತು. ಅವರು ಕೆಟ್ಟವರಲ್ಲ. ಹೊರಗೆ ಮೂರು ಸಾವಿರ ರೈತರು, ಕೈಯಲ್ಲಿ ಗಡಿಯಾರ. “ಮೇಡಮ್, ಎರಡ ನಿಮಿಷ ಉಳದೈತಿ. ನಿಮ್ಮ ಹೆಸರಿಗೆ ಬೋರ್ಡಿನಾಗ ನಾಕು ಮಂದಿ ಬ್ಯಾಡ ಅಂದ್ರೂ ನಾ ಹಟ ಹಿಡದೀನಿ. ಮುಹೂರ್ತ ತಪ್ಪಿಸಿದಾಕಿನ್ನ ಜನರಲ್ ಮ್ಯಾನೇಜರ್ ಮಾಡ್ರಿ ಅಂತ ಆ ನಾಕು ಮಂದಿಗೆ ಹೆಂಗ ಹೇಳಲಿ? ನಿಮ್ಮ ತಂದೆ ತಾಯಿ ಹೊರಗ ಕುಂತಾರ. ಸರೀರಿ.”

ಮೇಡಮ್ಮಾರು ಸರಿಯಲಿಲ್ಲ. ಅವರಿಗೂ ಆ ಹುದ್ದೆ ಬೇಕಾಗಿತ್ತು, ಯಾರಿಗೆ ಬೇಡ? ಕಣ್ಣು ಅತ್ತಿತ್ತ ಓಡಿಸುತ್ತ ಇದ್ದವರು ಪೂಜೆಯ ಹಲಗೆಯ ಮೇಲೆ ಕಣ್ಣಿಟ್ಟು ನಿಂತುಬಿಟ್ಟರು.

“ಇವನ್ನ ಇಲ್ಲಿ ಇಟ್ಟವರು ಯಾರು?”

“ನಾನ್ರಿ. ಖಂಡೇ ಪೂಜಿ ಅಲ್ಲೇನ್ರಿ?”

“ಎಲ್ಲಾರ ಕೀಲೀನೂ ಇಲ್ಲಿ ಕುಂತಾವು. ಮತ್ತ ಇವತ್ತ ಒಳಗ ಹೋದವ ಏನು ಹಾಕ್ಕೊಂಡು ಹೋಗ್ಯಾನ, ಸಿದ್ರಾಯಾ?”

ಮುಂದಿನದನ್ನು ಹೇಗೆ ಬರೆಯಲಿ? ಲಕ್ಷ್ಮಣ ಕೈ ಚಾಚಿದ್ದು, ನಾನು ಅದರಲ್ಲಿ ಕೀಲಿ ಹಾಕಿದ್ದು, ಚಾವಿ ಅವನ ಅಂಗೈಯಲ್ಲಿ ಬಿದ್ದು ಟಣ್ ಎಂದದ್ದು, ಎಲ್ಲ ಒಂದೇ ಸಲ ಕಣ್ಣಿಗೆ ಹೊಡೆಯಿತು. ನನ್ನ ಕೈಯಿಂದ ಕತ್ತರಿ ಕಳಚಿ ಪಾದದ ಮೇಲೆ ಬಿತ್ತು. ನೋವಾದದ್ದು ಸಂಜೆಗೆ. “ಲಕ್ಷ್ಮಣಾ!” ಎಂದು ಕಿರುಚಿಕೊಂಡು ಓಡಿದೆ. ನನ್ನ ಹಿಂದೆ ಮೇಡಮ್ಮಾರ ಬೂಟು ದಡದಡ ಸದ್ದು ಮಾಡುತ್ತಿತ್ತು.

ಕತ್ತಿಗಳ ಕೋಣೆಯ ಕಿಂಡಿ ತೆರೆದಿತ್ತು. ಒಳಗೆ ಲಕ್ಷ್ಮಣ ಆ ದಿಂಡಿನ ಮೇಲೆ ಕುದುರೆ ಹತ್ತಿದಂತೆ ಕೂತು, ಕಿವಿಗೆ ಸಪ್ಪಳ ತಡೆಯುವ ಇಯರ್‌ಮಫ್ ಹಾಕಿಕೊಂಡು, ಎಲ್ಲ ಬೋಲ್ಟುಗಳನ್ನೂ ಒಂದೊಂದಾಗಿ ಬಿಗಿ ಮಾಡುತ್ತಿದ್ದ. ಒಂದು ಬೋಲ್ಟ್ ಅಂದವನು ನಲವತ್ತೆಂಟೂ ಹಿಡಿದಿದ್ದ, ಆ ಮನುಷ್ಯ ಹಾಗೆಯೇ. ಹೊರಗೆ ಬ್ಯಾಂಡು ಬಡಿಯುತ್ತಿದ್ದದ್ದೂ ಅವನಿಗೆ ಕೇಳಿರಲಿಲ್ಲ. ನಮ್ಮ ಮುಖ ನೋಡಿ ಅದನ್ನು ತೆಗೆದ.

“ಯಾಕಣ್ಣಾ? ಊಟಕ್ಕ ಕರದ್ರೇನು?”

ನಾನು ಅಲ್ಲಿಯೇ ನೆಲದ ಮೇಲೆ ಕೂತು ಅತ್ತೆ. ಐವತ್ತೆರಡು ವರ್ಷದ ಗಂಡಸು, ಹೊಸ ಧೋತರ ಉಟ್ಟುಕೊಂಡು, ಗ್ರೀಸಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ನನ್ನ ತಂಗಿಯ ಗಂಡನನ್ನು ನನ್ನ ಕೈಯಾರೆ ಕೊಲ್ಲಲು ಹೊರಟಿದ್ದೆ, ಅದೂ ನಿಯಮದ ಹೆಸರು ಹೇಳಿ. ಲಕ್ಷ್ಮಣ ತಾನೇ ನಡೆದು ಬಂದು, ಕಿಸೆಯಿಂದ ಚಾವಿ ತೆಗೆದು, ಕೀಲಿ ಬಿಚ್ಚಿದ. ಆಗ ಹನ್ನೊಂದು ಗಂಟೆ ಮೂವತ್ತೊಂದು ನಿಮಿಷ.

ರಾವಸಾಹೇಬರು ಗೋಡೆಗೊರಗಿ ನಿಂತಿದ್ದರು. ಪಟಗಾ ತೆಗೆದು ಮುಖ ಒರೆಸಿಕೊಂಡರು. ವೇದಿಕೆಗೆ ಹೋಗಿ, ಮುಹೂರ್ತ ತಪ್ಪಿತು, ಕ್ಷಮಿಸಬೇಕು ಎಂದು ಅಜ್ಜಾರ ಕಾಲಿಗೆ ಬಿದ್ದರು. ಅಜ್ಜಾರಿಗೆ ಎಂಬತ್ತು ವರ್ಷ, ಬಸವಣ್ಣನ ಮಾತು ಬಿಟ್ಟು ಬೇರೆ ಪಂಚಾಂಗ ನೋಡಿದವರಲ್ಲ. “ಮುಹೂರ್ತ ನೋಡ್ರಿ ಅಂತ ನಾ ಯಾವಾಗ ಹೇಳಿದ್ನಿ?” ಎಂದರು. “ದುಡಿಯೋ ಮನಷ್ಯಾ ಹೊರಗ ಬಂದಾನಿಲ್ಲೋ? ಹಾಕ್ರಿ ಕಬ್ಬ.” ಹಾಕಿದರು.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಆ ದಿನ ಹೆಸರು ಘೋಷಣೆಯಾಗಲಿಲ್ಲ. ಬೋರ್ಡಿನ ಆ ನಾಲ್ಕು ಮಂದಿ ಮುಹೂರ್ತ, ಅಪಶಕುನ ಎಂದು ಯುಗಾದಿಯವರೆಗೆ ಜಗ್ಗಾಡಿದರು. ರಾವಸಾಹೇಬರೂ ಬಿಡಲಿಲ್ಲ. ಆ ಹಂಗಾಮು ಒಂದು ದಿನವೂ ನಿಲ್ಲದೆ ನಡೆಯಿತು. ಯುಗಾದಿಗೆ ಮೇಡಮ್ಮಾರ ಬಾಗಿಲಿಗೆ ಹೊಸ ಬೋರ್ಡು ಬಂತು. ಈಗ ಅಥಣಿ ಕಡೆಯ ಇನ್ನೊಂದು ಘಟಕವನ್ನೂ ಅವರೇ ನೋಡುತ್ತಾರೆ. ಖಂಡೆ ಪೂಜೆಗೆ ಈಗಲೂ ಎಲ್ಲ ಸಾಮಾನು ಇಡುತ್ತೇವೆ, ಕೀಲಿಗಳನ್ನು ಬಿಟ್ಟು. ಅವಕ್ಕೆ ಸೊಂಟದಲ್ಲಿದ್ದಂತೆಯೇ ಊದಿನಕಡ್ಡಿ ಬೆಳಗುತ್ತೇವೆ.

ಘಟನೆಯ ವರದಿಯನ್ನು ಮೇಡಮ್ಮಾರು ಅದೇ ದಿನ ಬರೆದರು. ತಪ್ಪು ಎಂಬಲ್ಲಿ ಮೊದಲ ಹೆಸರು ಅವರದೇ. ಮಾಲೀಕನು ಎದುರಿಗಿದ್ದರೆ ಸಾಕು ಎಂದು ನಿಯಮ ಬರೆದದ್ದು ತಪ್ಪು, ಯಂತ್ರದೊಳಗೆ ಯಾರೂ ಇಲ್ಲವೆಂದು ಕಣ್ಣಾರೆ ನೋಡಿ ಬಂದ ಮೇಲೆ ಮಾತ್ರ ಕತ್ತರಿಸಬೇಕು ಎಂದು ಬರೆಯಬೇಕಿತ್ತು ಎಂದಿತ್ತು. ಎರಡನೆಯ ಹೆಸರು ನನ್ನದು. ಏಳು ದಿನ ಸಸ್ಪೆಂಡ್.

ಮರುದಿನ ಬನ್ನಿ ಮುಡಿಯುವ ದಿನ. ದಾಕ್ಷಾಯಿಣಿ ನನ್ನ ಮನೆಗೆ ಬಂದಳು. ಬೈಯುತ್ತಾಳೆ ಎಂದು ಕಾಯ್ದೆ. ಬೈಯಲಿಲ್ಲ, ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಹೋಳಿಗೆಯ ಡಬ್ಬಿ, ಬನ್ನಿ ಎಲೆ ಹಿಡಿದು, “ಏಳು, ಕುಲಗೋಡಕ್ಕ ಹೋಗೂಣು” ಎಂದಳು. ಅವಳು, ಲಕ್ಷ್ಮಣ, ನಾನು ಎರಡು ಗಾಡಿಯಲ್ಲಿ ಹೋದೆವು.

ಉದ್ದಪ್ಪ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಮೇಡಮ್ಮಾರು ಗೋಕಾಕದಲ್ಲಿ ಬುದ್ಧ ವಂದನೆಗೆ ಹೋಗಿ ಆಗಷ್ಟೇ ಬಂದಿದ್ದರು. ಬಿಳಿ ಸೀರೆ, ಕಾಲಲ್ಲಿ ಬೂಟಿಲ್ಲ, ಬೇರೆಯೇ ಮನುಷ್ಯರಂತೆ ಕಂಡರು. ಅವರ ಮನೆಯಲ್ಲಿ ಅದು ಅವರ ಜನ ಬುದ್ಧನ ದಾರಿ ಹಿಡಿದ ದಿನ, ನಮ್ಮ ಮನೆಯಲ್ಲಿ ಬನ್ನಿ. ಎರಡಕ್ಕೂ ಹೋಳಿಗೆಯೇ. ದಾಕ್ಷಾಯಿಣಿ ಬನ್ನಿ ಎಲೆಯನ್ನು ಮೇಡಮ್ಮಾರ ಕೈಗಿಟ್ಟು, “ಬಂಗಾರ ತೊಗೋರಿ ಅಕ್ಕಾ” ಎಂದವಳು ಮುಂದೆ ಮಾತಾಡಲಾಗದೆ ಅವರ ಭುಜದ ಮೇಲೆ ಮುಖವಿಟ್ಟಳು. ಲಕ್ಷ್ಮಣ ಹೋಳಿಗೆ ತಿನ್ನುತ್ತ ಮೂಲೆಯಲ್ಲಿನ ಹಳೇ ಮಿಕ್ಸರ್ ಬಿಚ್ಚತೊಡಗಿದ್ದ.

ಕಾಕಾ ನನ್ನನ್ನು ನೋಡಿ ಮತ್ತೆ ಶುರು ಮಾಡಿದರು, “ಒಂಬತ್ತ ವರ್ಷದ ಕೂಸು ಇದ್ದಾಗಿಂದ ಹಿಂಗ ನೋಡ್ರಿ. ಗೌಡ್ರು ಅಂದ್ರೂ ಕೊಡಲಿಲ್ಲ...” ಮೇಡಮ್ಮಾರು ಎಂದಿನಂತೆ ಎದ್ದು ಹೊರಗೆ ಹೋದರು. ನಾನೂ ಎದ್ದು ಹೋದೆ. ಬೇವಿನ ಗಿಡದ ಕೆಳಗೆ ನಿಂತಿದ್ದರು.

“ಮೇಡಮ್ಮಾರ, ಏಳ ದಿನ ಸಾಲಂಗಿಲ್ಲರಿ ನನಗ. ಕೆಲಸದಿಂದ ತೆಗದು ಹಾಕ್ರಿ.”

“ರಾವಸಾಹೇಬ್ರೂ ಅದ ಹೇಳಿದ್ರು.” ಅವರು ನನ್ನ ಕಡೆ ನೋಡಲಿಲ್ಲ. “ನಿಮ್ಮನ್ನ ತೆಗದ್ರ, ನಿಮಗಿಂತ ಮೊದಲ ಒಂಬತ್ತ ವರ್ಷದ ಒಬ್ಬಾಕಿನ್ನ ತೆಗೀಬೇಕಾಗ್ತೈತಿ ಸಿದ್ರಾಯ ಅಣ್ಣಾ. ಆವತ್ತ ನಾ ಫ್ಯೂಜ್ ಕೊಟ್ಟಿದ್ನಿ.”

ನಾನು ಕಟ್ಟೆಯ ಮೇಲಿನ ಕಾಕಾನ ಕಡೆ ತಿರುಗಿ ನೋಡಿದೆ.

“ಗೌಡ್ರು ಸುಳ್ಳ ಹೇಳಲಿಲ್ಲ. ನಿಮ್ಮಪ್ಪ ಮ್ಯಾಲ ಬಂದು ಅಲ್ಲಿ ಬೀಡಿ ಸೇದಾಕತ್ತಾನ, ನಾನ ನೋಡೀನಿ, ಕೊಡು ಅಂದ್ರು. ಅವರು ನೋಡಿದ್ದು ಬ್ಯಾರೆ ಯಾರನ್ನೋ. ನಿಮ್ಮಂಗ ಖರೇನ ನಂಬಿ ಹೇಳಿದ್ರು. ನಾನೂ ನಂಬಿ ಕೊಟ್ನಿ. ಅಪ್ಪನ ಕೈ ಮೋಟಾರ್ ಪಟ್ಟಾದಾಗ ಇತ್ತು.” ಗಿಡದ ತೊಗಟೆ ಕೀಳುತ್ತ ಹೇಳಿದರು, “ಕಣಿಕಿ ಯಂತ್ರ ನಮ್ಮ ಮನ್ಯಾಗ ಎಂದೂ ಇರಲಿಲ್ಲ. ಕೊಡಲಿಲ್ಲ ನನ್ನ ಮಗಳು ಅಂತ ಅಪ್ಪ ದವಾಖಾನಿಯೊಳಗ ಶುರು ಮಾಡಿದಾ, ಇವತ್ತಿಗೂ ಬಿಟ್ಟಿಲ್ಲ. ನನ್ನ ಎದುರಿಗೆ ಸೈತ ಬಿಟ್ಟಿಲ್ಲ.”

ಒಳಗೆ ದಾಕ್ಷಾಯಿಣಿ ಕರೆದಳೆಂದು ಅವರು ಕಣ್ಣೊರೆಸಿಕೊಂಡು ಹೋದರು. ನಾನು ಕಟ್ಟೆಗೆ ಬಂದು ಕಾಕಾನ ಬಾಜೂಕ್ಕೆ ಕೂತೆ. ತಡೆಯಲಾಗಲಿಲ್ಲ.

“ಕಾಕಾ, ಖರೇ ಹೇಳ್ರಿ. ಆವತ್ತ ಫ್ಯೂಜ್ ಕೊಟ್ಟಿದ್ರೇನ್ರಿ ಮೇಡಮ್ಮಾರು?”

ಉದ್ದಪ್ಪ ಕಾಕಾ ಒಳಗೆ ನೋಡಿದರು. ಮಗಳು ಲಕ್ಷ್ಮಣನಿಗೆ, ಮಿಕ್ಸರಿನ ವೈರು ಕೀಳದೆ ಬಿಚ್ಚುತ್ತೀಯಾ ಎಂದು ಬೈಯುತ್ತಿದ್ದರು. ಕಾಕಾ ಮೂರು ಬೆರಳಿನ ಕೈಯೆತ್ತಿ ನನ್ನ ಹೆಗಲ ಮೇಲೆ ಇಟ್ಟರು.

“ಕೊಡಲಿಲ್ಲೋ ತಮ್ಮಾ. ಯಾರ ಕೇಳಿದ್ರೂ ಹಿಂಗ ಹೇಳು. ಕೊಡಲಿಲ್ಲ.”